ಸಂಸಾರದ ಗುಟ್ಟು ಎಲ್ಲಿ ಮುಗಿಯುತ್ತದೆ, ವ್ಯಾಧಿ ಎಲ್ಲಿ ಶುರುವಾಗುತ್ತದೆ?

ಜನವರಿಯ ಸಂಜೆ ಮೈಸೂರಿನಿಂದ ಹೊರಡುವ ಪ್ಯಾಸೆಂಜರ್ ರೈಲಿನ ಮಹಿಳಾ ಬೋಗಿಗೆ ಹತ್ತಿದವರಿಗೆ ಮೊದಲು ಮೂಗಿಗೆ ಬಡಿಯುವುದು ಅವರೆಕಾಯಿಯ ಸೊಗಡು. ಮಂಡ್ಯದ ಕಡೆಗೆ ಮರಳುವ ಶಿಕ್ಷಕಿಯರು, ನರ್ಸುಗಳು, ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವರು, ಕಚೇರಿಯ ಗುಮಾಸ್ತೆಯರು ದೇವರಾಜ ಮಾರುಕಟ್ಟೆಯಲ್ಲಿ ಕೊಂಡ ಕಾಯಿಯನ್ನು ಮಡಿಲಲ್ಲಿ ಹರವಿಕೊಂಡು ಸುಲಿಯುತ್ತಾ ಕೂರುತ್ತಾರೆ. ಮನೆ ಮುಟ್ಟುವಷ್ಟರಲ್ಲಿ ಕಾಳು ಬಿಡಿಸಿಟ್ಟುಕೊಂಡರೆ ರಾತ್ರಿ ನೆನೆಹಾಕಿ ಬೆಳಿಗ್ಗೆ ಹಿದುಕಬಹುದು ಎಂಬುದು ಲೆಕ್ಕ. ಆರು ವರ್ಷ ಮಾಸಿಕ ಪಾಸಿನಲ್ಲಿ ಈ ದಾರಿಯಲ್ಲಿ ಓಡಾಡಿದ ನಾನು ಕೇಳಿದ ಅತ್ಯಂತ ಪ್ರಾಮಾಣಿಕ ಮಾತುಗಳಲ್ಲಿ ಹೆಚ್ಚಿನವು ಹೀಗೆ ಕೈಗೆ ಕೆಲಸವಿದ್ದು ಕಣ್ಣು ಮಡಿಲಿನ ಮೇಲಿದ್ದಾಗ ಹೊರಬಿದ್ದವು. ಒಂದು ಸಂಜೆ, ಶ್ರೀರಂಗಪಟ್ಟಣದ ಆಚೀಚೆ ಕಾವೇರಿಯ ಎರಡು ಕವಲುಗಳನ್ನು ರೈಲು ದಾಟುವ ಆ ಕೆಲವೇ ನಿಮಿಷಗಳಲ್ಲಿ, ನಲವತ್ತರ ಹತ್ತಿರದ ಒಬ್ಬಾಕೆ ತಲೆ ಎತ್ತದೆಯೇ ಹೇಳಿದಳು: "ಮಗ ಹುಟ್ಟಿದಾಗ, ಅವನು ಅತ್ತರೂ ಎದ್ದು ಎತ್ಕೋಬೇಕು ಅಂತ್ಲೇ ಅನ್ನಿಸ್ತಿರ್ಲಿಲ್ಲ ಕಣಕ್ಕ. ಎಂಟು ತಿಂಗಳು." ಎದುರಿಗಿದ್ದ ಹಿರಿಯಾಕೆ ಸಿಪ್ಪೆಯನ್ನು ಪೇಪರಿಗೆ ಹಾಕುತ್ತಾ, "ನಂಗೂ ಹಂಗೇ ಆಗಿತ್ತು ಕಣವ್ವ. ನಮ್ಮಮ್ಮ ದೃಷ್ಟಿ ತೆಗೆದ್ರು, ಅಷ್ಟೇ" ಎಂದರು. ಮೊದಲನೆಯವಳ ಮಗ ಆಗ ಮೂರನೆಯ ತರಗತಿಯಲ್ಲಿದ್ದ. ಇಬ್ಬರೂ ಐದು ವರ್ಷದಿಂದ ಎದುರುಬದುರು ಸೀಟಿನಲ್ಲಿ ಕೂತು ದಿನವೂ ಮಾತಾಡಿದವರು.

ನಮ್ಮ ಕಡೆ ಗೆಳತಿಯರು ಕೂತು ಮಾತಾಡುವುದಕ್ಕೆ ಕಷ್ಟಸುಖ ಹೇಳಿಕೊಳ್ಳುವುದು ಎನ್ನುತ್ತಾರೆ. ಆ ಪದದಲ್ಲಿ ಕಷ್ಟವೇ ಮೊದಲು. ಹೀಗಿದ್ದೂ ಹೇಳಬೇಕಾದ ಕಷ್ಟ ಎಂಟು ವರ್ಷ ಏಕೆ ಒಳಗೇ ಉಳಿಯಿತು ಎಂಬ ಪ್ರಶ್ನೆಗೆ "ಹೆಂಗಸರಿಗೆ ಧೈರ್ಯ ಸಾಲದು, ಮನಸ್ಸು ಬಿಚ್ಚಿ ಮಾತಾಡಬೇಕು" ಎಂಬ ಉಪದೇಶ ಈಚೆಗೆ ಎಲ್ಲೆಡೆ ಸಿಗುತ್ತಿದೆ. ಅದು ಅರ್ಧ ಉತ್ತರವೂ ಅಲ್ಲ ಎಂಬುದು ನನ್ನ ಅಭಿಪ್ರಾಯ. "ಸಂಸಾರ ಗುಟ್ಟು, ವ್ಯಾಧಿ ರಟ್ಟು" ಎಂದು ಗಾದೆಯೇ ಇದೆ, ಮತ್ತು ಅದನ್ನು ಹೆಣ್ಣುಮಕ್ಕಳ ಬಾಯಿ ಮುಚ್ಚಿಸಲು ಬಳಸುವವರು ಅದರ ಎರಡನೆಯ ಅರ್ಧವನ್ನು ಮರೆಯುತ್ತಾರೆ: ರೋಗವನ್ನು ನಾಲ್ಕು ಜನಕ್ಕೆ ಹೇಳು, ಯಾರಿಗಾದರೂ ಮದ್ದು ಗೊತ್ತಿದ್ದೀತು ಎಂದೂ ಅದೇ ಗಾದೆ ಹೇಳುತ್ತದೆ. ತಕರಾರು ಇರುವುದು ಗಾದೆಯಲ್ಲಲ್ಲ, ವಿಂಗಡಣೆಯಲ್ಲಿ. ಬಾಣಂತನದ ಖಿನ್ನತೆ, ತೀರಿಸಲಾಗದ ಸಾಲ, ಗಂಡನ ಹೊಡೆತ, ಬೇಡವೆಂದರೂ ಮಾಡಿಸಿದ ಭ್ರೂಣಲಿಂಗದ ಸ್ಕ್ಯಾನಿಂಗ್ ಇವೆಲ್ಲ ವ್ಯಾಧಿಯ ಪಟ್ಟಿಗೆ ಸೇರಬೇಕಾದವು. ಅವನ್ನು ಸಂಸಾರದ ಪಟ್ಟಿಗೆ ಬರೆದವರು ಬೇರೆಯವರು. ಯಾವುದು ಯಾವುದೆಂದು ಮತ್ತೆ ವಿಂಗಡಿಸುವ ಕೆಲಸ ಗೆಳತಿಯರ ನಡುವೆ ನಡೆಯಬಲ್ಲದು. ಆದರೆ ಅದಕ್ಕೆ ಬಿಡುವು ಬೇಕು, ಯಾರ ಕಿವಿಯೂ ಇಲ್ಲದ ಜಾಗ ಬೇಕು, ಮತ್ತು ಕೇಳುವವಳಿಗೆ ಆ ಮನೆಯ ಲಾಭನಷ್ಟದಲ್ಲಿ ಪಾಲಿರಬಾರದು.

ಬಿಡುವಿನ ಲೆಕ್ಕವನ್ನು ಸರ್ಕಾರವೇ ಕೊಟ್ಟಿದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷ, ಅದರಲ್ಲಿ ತೊಡಗಿದ ಪುರುಷರು 97 ನಿಮಿಷ ಕಳೆಯುತ್ತಿದ್ದರು. 2024ರ ಸಮೀಕ್ಷೆಯಲ್ಲಿ ಮಹಿಳೆಯರದು 289ಕ್ಕೆ, ಪುರುಷರದು 88ಕ್ಕೆ ಇಳಿದಿದೆ. ಹೆಂಗಸಿಗೆ ಹತ್ತು ನಿಮಿಷ ಉಳಿತಾಯವಾಯಿತೆಂದು ಸಂತೋಷಪಡುವ ಮೊದಲು ಗಂಡಸಿನ ಪಾಲು ಒಂಬತ್ತು ನಿಮಿಷ ಕಡಿಮೆಯಾದದ್ದನ್ನೂ ಗಮನಿಸಬೇಕು. ಮಿಕ್ಸಿ ಮತ್ತು ಗ್ಯಾಸ್ ಇಬ್ಬರ ಕೆಲಸವನ್ನೂ ತಗ್ಗಿಸಿವೆಯೇ ಹೊರತು ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಏನೂ ಸರಿದಿಲ್ಲ. ಮಕ್ಕಳು, ಮುದುಕರು, ರೋಗಿಗಳನ್ನು ನೋಡಿಕೊಳ್ಳುವ ಸಮಯ ಇದಕ್ಕೆ ಸೇರಿಲ್ಲ. ಅದರಲ್ಲಿ ತೊಡಗಿದ ಮಹಿಳೆಯರಿಗೆ ಮತ್ತೆ ದಿನಕ್ಕೆ ಎರಡು ಗಂಟೆಗೂ ಮೀರಿದ ಲೆಕ್ಕವಿದೆ. ಹೀಗಾಗಿ ಉದ್ಯೋಗಸ್ಥ ಹೆಂಗಸಿನ ದಿನದಲ್ಲಿ ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲದ ಹೊತ್ತೆಂದರೆ ಓಡಾಟದ ಹೊತ್ತು ಮಾತ್ರ. ಅಲ್ಲಿಯೂ ಮಡಿಲಲ್ಲಿ ಅವರೆಕಾಯಿ ಇರುತ್ತದೆ ಎಂಬುದು ಬೇರೆ ಮಾತು.

ಮಂಡ್ಯ ಜಿಲ್ಲೆಯ ಮದುವೆಯ ಬಿಕ್ಕಟ್ಟನ್ನು ಈ ಲೆಕ್ಕವನ್ನು ಬದಿಗಿಟ್ಟು ಚರ್ಚಿಸುವುದು ನನಗೆ ಸದಾ ವಿಚಿತ್ರವಾಗಿ ಕಂಡಿದೆ. ಹೆಣ್ಣು ಸಿಗದ ರೈತ ಯುವಕರು 2023ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟಾಗ ಪತ್ರಿಕೆ, ಟಿ.ವಿ. ಎಲ್ಲ ಕಡೆ ಕೇಳಿಬಂದದ್ದು ಯುವಕರ ಅಳಲು ಮತ್ತು "ಈಗಿನ ಹುಡುಗಿಯರಿಗೆ ಬೆಂಗಳೂರೇ ಬೇಕು" ಎಂಬ ದೂರು. ಅದೇ ವಾರ ನಮ್ಮ ಬೋಗಿಯಲ್ಲಿ ನಡೆದ ಮಾತು ಬೇರೆ ಧಾಟಿಯದು. ತಮ್ಮ ಮಗಳನ್ನು ಎರಡು ಎಕರೆ ಗದ್ದೆಯ ಮನೆಗೆ ಏಕೆ ಕೊಡಲಾರೆವು ಎಂಬುದನ್ನು ಆ ತಾಯಂದಿರು ಗಂಟೆಗಳಲ್ಲಿ ಹೇಳಿದರು: ನಾಲ್ಕೂವರೆಗೆ ಹಾಲು ಕರೆಯಬೇಕು, ಆರಕ್ಕೆ ಡೈರಿಗೆ ಹಾಕಬೇಕು, ಕೊಟ್ಟಿಗೆ ಬಾಚಬೇಕು, ನಂತರ ಅಡುಗೆ, ನಂತರ ಗದ್ದೆ. ಹುಡುಗನ ಜಮೀನಿನ ಬಗ್ಗೆ ಯಾರಿಗೂ ತಾತ್ಸಾರವಿರಲಿಲ್ಲ. ಅವರು ಹೇಳುತ್ತಿದ್ದುದು ತಾವೇ ಇಪ್ಪತ್ತು ವರ್ಷ ದುಡಿದ ದಿನಚರಿಯನ್ನು, ಮತ್ತು ಅದನ್ನು ಗಂಡಂದಿರ ಎದುರು ಅವರು ಎಂದೂ ಹೀಗೆ ಬಿಡಿಸಿ ಹೇಳಿದವರಲ್ಲ.

ತವರಿಗೆ ಹೇಳಬಾರದೇ ಎಂದು ಕೇಳುವವರಿದ್ದಾರೆ. ಹಳೆ ಮೈಸೂರು ಸೀಮೆಯ ಮದುವೆಯ ರೀತಿಯನ್ನು ಬಲ್ಲವರಿಗೆ ಇದರ ಕಷ್ಟ ಗೊತ್ತಿರುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 27 ಮದುವೆಗಳು ರಕ್ತಸಂಬಂಧದೊಳಗೇ ಆಗಿವೆ. ದೇಶದಲ್ಲಿ ಇದಕ್ಕಿಂತ ಹೆಚ್ಚಿರುವುದು ತಮಿಳುನಾಡಿನಲ್ಲಿ. ಸೋದರಮಾವನನ್ನೇ ಕಟ್ಟಿಕೊಂಡವಳು ತವರಿಗೆ ಬಂದು ಗಂಡನ ಮೇಲೆ ದೂರು ಹೇಳಿದರೆ ಅದು ತಾಯಿಯ ಎದುರು ತಾಯಿಯ ತಮ್ಮನ ಮೇಲಿನ ದೂರಾಗುತ್ತದೆ. ಅತ್ತೆಯೆಂದರೆ ಅಲ್ಲಿ ಅಜ್ಜಿಯೇ. ಕೇಳುವವರೆಲ್ಲರಿಗೂ ಆ ಮದುವೆ ಉಳಿಯಬೇಕೆಂಬ ಆಸೆ ಇದ್ದೇ ಇರುವುದರಿಂದ ಸಿಗುವ ಉತ್ತರ ಮೊದಲೇ ಗೊತ್ತಿರುತ್ತದೆ: "ಹೊಂದ್ಕೊಂಡು ಹೋಗವ್ವ." ಸಂಬಂಧದ ಹೊರಗೆ ಮದುವೆಯಾದವರ ಸ್ಥಿತಿಯೂ ಬಹಳ ಬೇರೆಯಲ್ಲ, ಏಕೆಂದರೆ ತಂಗಿಯ ಮದುವೆ ಇನ್ನೂ ಆಗಬೇಕಿರುತ್ತದೆ. ಗೆಳತಿಯ ಬೆಲೆ ಇರುವುದು ಇಲ್ಲಿಯೇ. ಅವಳಿಗೆ ಆ ಮದುವೆ ಉಳಿದರೂ ಮುರಿದರೂ ಕಳೆದುಕೊಳ್ಳುವುದೇನಿಲ್ಲ, ಆದ್ದರಿಂದ ಅವಳಿಗೆ ಕೇಳಿಸಿಕೊಳ್ಳುವುದಕ್ಕೆ ಸಾಧ್ಯ.

ಬಾಣಂತನದ ವಿಷಯಕ್ಕೆ ಮರಳುತ್ತೇನೆ, ಏಕೆಂದರೆ ವಿಂಗಡಣೆ ಎಷ್ಟು ತಪ್ಪಾಗಬಲ್ಲದು ಎಂಬುದು ಇಲ್ಲಿ ಚೆನ್ನಾಗಿ ಕಾಣುತ್ತದೆ. ಮೂರು ತಿಂಗಳಿಂದ ಐದು ತಿಂಗಳು ತವರಿನಲ್ಲಿ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಎಣ್ಣೆನೀರು, ಸಾಂಬ್ರಾಣಿ ಹೊಗೆ, ಖಾರವಿಲ್ಲದ ಪಥ್ಯ ಎಂದು ಬಾಣಂತಿಯ ಮೈಯನ್ನು ನಮ್ಮವರು ಜೋಪಾನ ಮಾಡಿದಷ್ಟು ಬೇರೆ ಯಾರೂ ಮಾಡಲಾರರು. ಕೋಣೆಯಲ್ಲಿ ಅವಳು ಒಂದು ನಿಮಿಷವೂ ಒಬ್ಬಳೇ ಇರುವುದಿಲ್ಲ. ಮಗುವಿಗೆ ಹಾಲು ಸಾಲುತ್ತದೆಯೇ ಎಂದು ಬಂದವರೆಲ್ಲ ಕೇಳುತ್ತಾರೆ. ನಿನಗೆ ಹೇಗನ್ನಿಸುತ್ತಿದೆ ಎಂದು ಕೇಳುವವರು ಸಿಕ್ಕರೆ ಪುಣ್ಯ. ಹೆರಿಗೆಯ ನಂತರ ಪೂರ್ತಿ ಚಿತ್ತಭ್ರಮೆಯಾಗುವುದಕ್ಕೆ ಕನ್ನಡದಲ್ಲಿ "ಬಾಣಂತಿ ಸನ್ನಿ" ಎಂಬ ಹಳೆಯ ಹೆಸರಿದೆ, ಅಂದರೆ ಅಜ್ಜಿಯರಿಗೆ ಅದು ಗೊತ್ತಿತ್ತು. ಆದರೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಜನರನ್ನು ಕಾಡುವ, ಸದ್ದಿಲ್ಲದ, ಅಳುವಿಗೂ ಶಕ್ತಿಯಿಲ್ಲದ ಖಿನ್ನತೆಗೆ ಮನೆಮಾತಿನಲ್ಲಿ ಹೆಸರಿಲ್ಲ. ಹೆಸರಿಲ್ಲದ್ದನ್ನು ಸೋಮಾರಿತನ, ದೃಷ್ಟಿ, ಗಾಳಿ ಎಂದು ಕರೆದು ಮುಗಿಸುತ್ತಾರೆ. ವೈದ್ಯರು ಇದನ್ನು ಪತ್ತೆಹಚ್ಚಲು ಬಳಸುವ ಎಡಿನ್‌ಬರೋ ಮಾಪಕ 1987ರಲ್ಲಿ ರೂಪುಗೊಂಡದ್ದು, ಅದರ ಕನ್ನಡ ರೂಪವೂ ಬಳಕೆಯಲ್ಲಿದೆ. ಅದರಲ್ಲಿರುವುದು ಹತ್ತೇ ಪ್ರಶ್ನೆ, ಕಳೆದ ಏಳು ದಿನಗಳಲ್ಲಿ ನಗು ಬಂತೇ, ಕಾರಣವಿಲ್ಲದೆ ನಿನ್ನನ್ನೇ ದೂಷಿಸಿಕೊಂಡೆಯಾ, ನಿದ್ದೆ ಬಂತೇ ಎಂಬಂಥವು. ಇವು ಮಗು ನೋಡಲು ಬಂದ ಗೆಳತಿ ಕೇಳಬಹುದಾದ ಪ್ರಶ್ನೆಗಳೇ. ರೋಗವನ್ನು ನಿರ್ಧರಿಸುವುದು ಗೆಳತಿಯ ಕೆಲಸವಲ್ಲ, ಆದರೆ ಇದು ವ್ಯಾಧಿ, ಇದಕ್ಕೆ ಮದ್ದಿದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಒಟ್ಟಿಗೆ ಇಟ್ಟು ನೋಡುವ ವಿಭಾಗವೇ ಇದೆ, ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು ಎಂದು ಹೇಳುವಷ್ಟನ್ನು ಅವಳು ಮಾಡಬಲ್ಲಳು.

ಸಾಲದ ವಿಷಯದಲ್ಲಿ ಗೆಳೆತನವೇ ಬಾಯಿ ಕಟ್ಟುತ್ತದೆ. ಮಂಡ್ಯ, ಮೈಸೂರು, ಚಾಮರಾಜನಗರದ ಹಳ್ಳಿಗಳಲ್ಲಿ ಹೆಂಗಸರು ವಾರಕ್ಕೊಮ್ಮೆ ತಪ್ಪದೆ ಒಂದೆಡೆ ಸೇರುವ ಜಾಗವೆಂದರೆ ಸಂಘ. ಮನೆಯಿಂದ ಹೊರಬರಲು, ಗುರುತು ಹಾಕುವುದು ಬಿಟ್ಟು ಸಹಿ ಕಲಿಯಲು, ಬ್ಯಾಂಕಿನ ಬಾಗಿಲು ತಿಳಿಯಲು ಸಂಘಗಳು ಮಾಡಿದ ಉಪಕಾರ ದೊಡ್ಡದು. ಆದರೆ ಮೈಕ್ರೋಫೈನಾನ್ಸಿನ ಗುಂಪು ಸಾಲದಲ್ಲಿ ಒಬ್ಬಳಿಗೆ ಇನ್ನೊಬ್ಬಳು ಹೊಣೆ. ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ತುಂಬಬೇಕು. ಹೀಗಿರುವಾಗ "ಈ ವಾರ ನನ್ನ ಹತ್ತಿರ ದುಡ್ಡಿಲ್ಲ" ಎಂಬ ಮಾತನ್ನು ಹೇಳಲಾಗದವರೆಂದರೆ ಗೆಳತಿಯರೇ ಆಗುತ್ತಾರೆ. ಒಂದು ಸಾಲ ತೀರಿಸಲು ಇನ್ನೊಂದು ಗುಂಪು, ಅದನ್ನು ತೀರಿಸಲು ಮತ್ತೊಂದು ಎಂದು ಸುತ್ತುವವಳ ಪಾಡು ಪಕ್ಕದ ಮನೆಗೂ ತಿಳಿಯದೆ ಊರು ಬಿಟ್ಟ ದಿನ ತಿಳಿಯುತ್ತದೆ. ವಸೂಲಿಯ ಕಿರುಕುಳ ಮಿತಿಮೀರಿ ಆತ್ಮಹತ್ಯೆಗಳಾದ ಮೇಲೆ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದು ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು ಶಿಕ್ಷೆ ಇಟ್ಟಿತು. ಮನೆ ಬಾಗಿಲಿಗೆ ಬರುವ ವಸೂಲಿದಾರನಿಗೆ ಕಾನೂನು ಕಡಿವಾಣ ಹಾಕಬಲ್ಲದು. ಸಂಘದ ಚಾಪೆಯ ಮೇಲೆ ಪಕ್ಕದಲ್ಲಿ ಕೂತ ಗೆಳತಿಯ ಮುಖ ನೋಡಲಾಗದ ಸಂಕಟಕ್ಕೆ ಅದರಲ್ಲಿ ಕಲಮು ಇಲ್ಲ.

ಇನ್ನೂ ಹೆಚ್ಚು ಮುಚ್ಚಿಟ್ಟ ವಿಷಯವೊಂದಿದೆ. 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಭೇದಿಸಿದ ಭ್ರೂಣಲಿಂಗ ಪತ್ತೆ ಜಾಲದ ಸ್ಕ್ಯಾನಿಂಗ್ ನಡೆಯುತ್ತಿದ್ದದ್ದು ಮಂಡ್ಯದ ಬಳಿಯ ಒಂದು ಆಲೆಮನೆಯಲ್ಲಿ. ಬೆಲ್ಲ ಕಾಯಿಸುವ ಜಾಗಕ್ಕೆ ಬಸುರಿಯರನ್ನು ಕಾರಿನಲ್ಲಿ ಕರೆತರುತ್ತಿದ್ದರು ಎಂಬ ಸುದ್ದಿ ಬಂದಾಗ ಜಿಲ್ಲೆ ನಾಚಿತು, ಮರೆಯಿತು. ಅಲ್ಲಿಗೆ ಹೋಗಿಬಂದ ಹೆಂಗಸರಲ್ಲಿ ಎಷ್ಟು ಜನ ಒಬ್ಬ ಗೆಳತಿಗಾದರೂ ಹೇಳಿಕೊಂಡರೋ ಯಾರು ಬಲ್ಲರು! ಹೇಳಿದರೆ ತಾನೇ ಅಪರಾಧಿಯಾಗುತ್ತೇನೆಂಬ ಭಯ ಸಹಜ. ಆದರೆ ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯ್ದೆಯ 24ನೇ ಕಲಮು ಬೇರೆಯದನ್ನೇ ಹೇಳುತ್ತದೆ: ಬೇರೆ ರೀತಿ ಸಾಬೀತಾಗದ ಹೊರತು, ಗಂಡ ಅಥವಾ ಸಂಬಂಧಿಕರ ಒತ್ತಾಯದಿಂದಲೇ ಅವಳು ಅಲ್ಲಿಗೆ ಹೋದಳೆಂದು ನ್ಯಾಯಾಲಯ ಭಾವಿಸಬೇಕು. ಬಸುರಿ ಹೆಂಗಸಿನ ಮಾತಿಗೆ ಕಾನೂನು ಇಷ್ಟು ಜಾಗ ಬಿಟ್ಟಿರುವುದು ಆಲೆಮನೆಗೆ ಕಾರು ಹತ್ತುವ ಮೊದಲು ಅವಳಿಗೆ ಯಾರಾದರೂ ಹೇಳಿದ್ದರೆ ಎಂದು ಅನ್ನಿಸದೆ ಇರದು.

ಹೊಡೆತದ ವಿಷಯದಲ್ಲಿ ಅಂಕಿಅಂಶವನ್ನು ಓದುವುದೇ ಕಷ್ಟ. ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವರ್ಷದ ಮಹಿಳೆಯರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದವರು 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ. 20.6, 2019-21ರಲ್ಲಿ ಶೇ. 44.4. ಐದು ವರ್ಷದಲ್ಲಿ ಗಂಡಸರು ಎರಡು ಪಟ್ಟು ಕೆಟ್ಟರೇ, ಇಲ್ಲವೇ ಹೆಂಗಸರು ಬಾಯಿಬಿಡತೊಡಗಿದರೇ? ಎರಡೂ ಸ್ವಲ್ಪಸ್ವಲ್ಪ ಇರಬಹುದು. ಹಿಂಸೆಯ ಬಗೆಗಿನ ಯಾವ ಅಂಕಿಯೂ ಹಿಂಸೆಯನ್ನಷ್ಟೇ ಅಳೆಯುವುದಿಲ್ಲ, ಹೇಳಿಕೊಳ್ಳುವ ಅಭ್ಯಾಸವನ್ನೂ ಅಳೆಯುತ್ತದೆ. ದೇಶದ ಮಟ್ಟದಲ್ಲಿ ಅದೇ ಸಮೀಕ್ಷೆ ಹೇಳುವಂತೆ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದವರಲ್ಲಿ ಶೇ. 77ರಷ್ಟು ಮಹಿಳೆಯರು ಸಹಾಯವನ್ನೂ ಕೇಳಿಲ್ಲ, ಯಾರಿಗೂ ಹೇಳಿಯೂ ಇಲ್ಲ. ಅಪರಿಚಿತ ಸಮೀಕ್ಷಕಿಯೊಬ್ಬಳ ಮುಂದೆ ಹೇಳಿದ್ದನ್ನು ಗೆಳತಿಯ ಮುಂದೆ ಹೇಳಿಲ್ಲ ಎಂದರೆ, ಕೇಳುವವಳಿಗೆ ಪಾಲಿರಬಾರದು ಎಂದು ನಾನು ಮೇಲೆ ಹೇಳಿದ್ದಕ್ಕೆ ಬೇರೆ ಪುರಾವೆ ಬೇಕಿಲ್ಲ: ಸಮೀಕ್ಷಕಿ ನಾಳೆ ಬೀದಿಯಲ್ಲಿ ಎದುರಾಗುವುದಿಲ್ಲ. ಗೆಳತಿಯರಿಗೆ ತಿಳಿದಿರಬೇಕಾದ ಒಂದು ಸಂಗತಿಯೂ ಇದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 4ನೇ ಕಲಮಿನಂತೆ, ಹಿಂಸೆ ನಡೆದಿದೆ ಅಥವಾ ನಡೆಯಲಿದೆ ಎಂದು ನಂಬಲು ಕಾರಣವಿರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು, ಮತ್ತು ಸದುದ್ದೇಶದಿಂದ ತಿಳಿಸಿದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಬರುವುದಿಲ್ಲ. "ಅವರ ಮನೆಯ ವಿಷಯ, ನಮಗ್ಯಾಕೆ" ಎಂಬುದಕ್ಕೆ ಕಾನೂನಿನಲ್ಲಿ ಆಧಾರವಿಲ್ಲ. ಆದರೂ ಅವಳನ್ನು ಕೇಳದೆ ದೂರು ಕೊಟ್ಟು ಅವಳ ಪರಿಸ್ಥಿತಿಯನ್ನು ಕೆಡಿಸಿದ ಉದಾಹರಣೆಗಳೂ ಇವೆ. ಮಹಿಳಾ ಸಹಾಯವಾಣಿ 181ರ ನಂಬರನ್ನು ಕೊಟ್ಟು, ಜೊತೆಗೆ ಬರುತ್ತೇನೆ ಎನ್ನುವುದು ಹೆಚ್ಚಿನ ಸಲ ಒಳ್ಳೆಯದು.

ಜಾಗದ ಮಟ್ಟಿಗೆ ಈಚಿನ ವರ್ಷಗಳಲ್ಲಿ ಒಂದು ಬದಲಾವಣೆ ಆಗಿದೆ, ಅದನ್ನು ರಾಜಕೀಯದ ಗದ್ದಲದಲ್ಲಿ ಯಾರೂ ಈ ದಿಕ್ಕಿನಿಂದ ನೋಡಿಲ್ಲ. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ಚಾಮುಂಡಿ ಬೆಟ್ಟಕ್ಕೆ, ನಂಜನಗೂಡಿಗೆ ಜನ ಮುಗಿಬಿದ್ದದ್ದನ್ನು ಎಲ್ಲರೂ ನೋಡಿ ನಕ್ಕರು. ಪಾಂಡವಪುರದ ಹೆಂಗಸೊಬ್ಬಳು ಮೈಸೂರಿನಲ್ಲಿರುವ ಕಾಲೇಜು ದಿನದ ಗೆಳತಿಯನ್ನು ನೋಡಲು ಹೋಗಬೇಕಾದರೆ ಈ ಮೊದಲು ಬಸ್ ಚಾರ್ಜು ಕೇಳಬೇಕಿತ್ತು, ಕೇಳಿದರೆ ಏಕೆ ಎಂದು ಹೇಳಬೇಕಿತ್ತು, ಹೇಳುವಂಥ ಕಾರಣ ಗೆಳೆತನ ಎಂದೂ ಆಗಿರಲಿಲ್ಲ. ಈಗ ಆಧಾರ್ ಕಾರ್ಡು ತೋರಿಸಿದರೆ ಸಾಕು. ಅದೇ ವರ್ಷ ಆಗಸ್ಟ್ 30ರಂದು ಮೈಸೂರಿನಲ್ಲೇ ಆರಂಭವಾದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಯ ಕಥೆ ಇಷ್ಟು ಸರಳವಲ್ಲ. ಖಾತೆ ತನ್ನ ಹೆಸರಿನಲ್ಲಿದ್ದರೂ ಎಟಿಎಂ ಕಾರ್ಡು ಗಂಡನ ಜೇಬಿನಲ್ಲಿದೆ ಎಂದು ಒಪ್ಪಿಕೊಳ್ಳುವ ಹೆಂಗಸರನ್ನು ಬೋಗಿಯಲ್ಲಿ ಕಂಡಿದ್ದೇನೆ, ಮತ್ತು ಒಬ್ಬಳು ಒಪ್ಪಿಕೊಂಡ ಕೂಡಲೇ ಇನ್ನಿಬ್ಬರು "ನಮ್ಮನೇಲೂ ಅಷ್ಟೇ" ಎಂದದ್ದನ್ನೂ ಕೇಳಿದ್ದೇನೆ. ಮುಟ್ಟಿನ ರಜೆಯದೂ ಇಂಥದೇ ಕಥೆ. ವರ್ಷಕ್ಕೆ 12 ದಿನದ ಸಂಬಳಸಹಿತ ರಜೆಗೆ ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು, ಆದರೆ ಗಾರ್ಮೆಂಟ್ಸ್ ಲೈನಿನಲ್ಲಿ ಗಂಟೆಗೆ ಇಷ್ಟು ಪೀಸ್ ಎಂದು ಲೆಕ್ಕ ಕೇಳುವ ಸೂಪರ್‌ವೈಸರ್ ಮುಂದೆ ಮೊದಲು ಬಾಯಿಬಿಡುವವಳು ಯಾರು ಎಂಬುದನ್ನು ಆದೇಶ ಹೇಳುವುದಿಲ್ಲ. ಅದು ಊಟದ ಅರ್ಧ ಗಂಟೆಯಲ್ಲಿ ಮೂವರು ಕೂಡಿ ಕೇಳೋಣ ಎಂದು ಮಾತಾಡಿಕೊಂಡರೆ ಮಾತ್ರ ಆಗುವಂಥದು.

ಇಷ್ಟಾದರೂ ಗೆಳತಿಯರ ಮಾತೇ ಸರ್ವರೋಗಕ್ಕೂ ಮದ್ದು ಎನ್ನಲು ನಾನು ಸಿದ್ಧಳಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಅಮಾಂಡಾ ರೋಸ್ 2002ರಲ್ಲಿ ಪ್ರಕಟಿಸಿದ, ಶಾಲಾ ಮಕ್ಕಳ ಗೆಳೆತನದ ಕುರಿತ ಅಧ್ಯಯನದಲ್ಲಿ, ಒಂದೇ ಕಷ್ಟವನ್ನು ಇಬ್ಬರೂ ಸೇರಿ ಮತ್ತೆಮತ್ತೆ ಮೆಲುಕು ಹಾಕುವುದರಿಂದ ಗೆಳೆತನ ಗಟ್ಟಿಯಾಗುವುದೂ ಖಿನ್ನತೆ, ಆತಂಕದ ಲಕ್ಷಣಗಳು ಹೆಚ್ಚಿರುವುದೂ ಒಟ್ಟೊಟ್ಟಿಗೆ ಕಂಡುಬಂದವು. 2007ರಲ್ಲಿ ಅವರೂ ಸಂಗಡಿಗರೂ ಮಕ್ಕಳನ್ನು ಕೆಲಕಾಲ ಹಿಂಬಾಲಿಸಿ ನೋಡಿದಾಗ ಈ ಎರಡನೆಯ ಪರಿಣಾಮ ಹುಡುಗಿಯರಲ್ಲಿ ಮಾತ್ರ ಎದ್ದುಕಂಡಿತು. ಅದು ಬೇರೆ ದೇಶದ ಹದಿಹರೆಯದವರ ಮಾತು, ನಮ್ಮ ನಲವತ್ತರವರಿಗೆ ಹಾಗೆಯೇ ಅನ್ವಯಿಸಲಾಗದು. ಆದರೂ ಅದನ್ನು ಓದುವಾಗ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಪ್ರತಿದಿನ ಅದೇ ಅತ್ತೆಯ ಅದೇ ಮಾತನ್ನು ಹೇಳುತ್ತಾ ನಡೆಯುವ ಜೋಡಿಗಳು ನನಗೆ ನೆನಪಾದವು. ನಮ್ಮಲ್ಲಿ ಇದಕ್ಕೆ ಮತ್ತೊಂದು ಬಗೆಯೂ ಇದೆ: ಒಬ್ಬಳು ಹೇಳತೊಡಗಿದ ಕೂಡಲೇ "ನಿಂದೇನ್ ಮಹಾ, ನನ್ನ ಕೇಳು" ಎಂದು ಇನ್ನೊಬ್ಬಳು ಮೇಲಾಟಕ್ಕೆ ಇಳಿಯುವುದು. ಎರಡರಲ್ಲೂ ಸಂಸಾರವನ್ನು ಸಂಸಾರವೆಂದೇ ಒಪ್ಪಿಕೊಂಡು ಹಗುರಾಗಿ ಮನೆಗೆ ಹೋಗುತ್ತಾರೆ, ಮರುದಿನ ಅಷ್ಟೇ ಭಾರ ಮತ್ತೆ ಇರುತ್ತದೆ.

ರೈಲಿನ ಆ ಸಂಜೆ ಹಾಗಾಗಲಿಲ್ಲ. "ದೃಷ್ಟಿ ತೆಗೆದ್ರು, ಅಷ್ಟೇ" ಎಂದ ಹಿರಿಯಾಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ತಮ್ಮನ ಹೆಂಡತಿಗೆ ಹೆರಿಗೆಯಾಗಿ ಈಗ ಎರಡು ತಿಂಗಳು, ಮಗುವನ್ನು ಮುಟ್ಟುವುದೇ ಇಲ್ಲ, ಎಲ್ಲರೂ ಅವಳಿಗೆ ಸೋಮಾರಿ ಎನ್ನುತ್ತಿದ್ದಾರೆ, ತಾವೂ ಹಾಗೇ ಅಂದದ್ದುಂಟು ಎಂದರು. ಯಲಿಯೂರು ದಾಟುವಷ್ಟರಲ್ಲಿ ನರ್ಸಾಗಿದ್ದ ಇನ್ನೊಬ್ಬಾಕೆ ಮೊಬೈಲಿನಲ್ಲಿ ಆ ಹತ್ತು ಪ್ರಶ್ನೆಗಳನ್ನು ಹುಡುಕಿ ಅವರಿಗೆ ಕಳಿಸಿದ್ದಳು. ಮುಂದಿನ ಸೋಮವಾರ ಹಿರಿಯಾಕೆ ರೈಲಿಗೆ ಬರಲಿಲ್ಲ. ತಮ್ಮನ ಹೆಂಡತಿಯನ್ನು ಕರೆದುಕೊಂಡು ಮಂಡ್ಯದ ಜಿಲ್ಲಾ ಆಸ್ಪತ್ರೆಗೆ ಹೋಗಿದ್ದರು. ಮಂಗಳವಾರ ಬಂದವರು ಸೀಟಿನಲ್ಲಿ ಕೂತು, ಕಾಯಿಯ ಚೀಲ ಬಿಚ್ಚಿ, ಮೊದಲನೆಯವಳ ಕಡೆಗೆ ಅರ್ಧ ಸುರಿದು ಹೇಳಿದರು: "ನಗು ಬಂತಾ ಅಂತ ಕೇಳಿದ್ದಕ್ಕೇ ಅತ್ತುಬಿಟ್ಲು ಕಣವ್ವ. ಮಿಕ್ಕ ಒಂಬತ್ತು ಕೇಳೋಕೇ ಆಗ್ಲಿಲ್ಲ."